ರೊಟ್ಟಿಯ ಸದ್ದು ನಿಲ್ಲಿಸಿದ ಪುಸ್ತಕ

ಮೊಮ್ಮಗಳು ಆರನೆಯ ಇಯತ್ತೆಯಲ್ಲಿ ಎರಡನೆಯ ಸಲ ಫೇಲಾದಾಗ ಇಂಗ್ಲಿಷ್ ಶಾಲೆಯ ದೊಡ್ಡ ಟೀಚರು ನಮ್ಮ ಮುಂದೆ ಎರಡು ದಾರಿ ಇಟ್ಟರು. ಮೂರನೆಯ ಸಲ ಅದೇ ತರಗತಿಯಲ್ಲಿ ಕೂಡಿಸಿ, ಇಲ್ಲವೇ ಹೆಸರು ತೆಗೆಸಿ. ಮಗ ನೆಲ ನೋಡುತ್ತ ನಿಂತಿದ್ದ. "ತಗದ ಬಿಡ್ರಿ" ಎಂದೆ ನಾನು. ಅವರಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ನಾನು ಕೈ ಬೀಸಿದ್ದು ತಿಳಿಯಿತು.

ಕುರ್ಲಾ ಸ್ಟೇಷನ್ನಿನ ಸೇತುವೆ ಇಳಿದದ್ದೇ ಮಗ ಶುರು ಮಾಡಿದ.

"ಇನ್ನ ಮನ್ಯಾಗ ಯಾರ ಕಲಸ್ತಾರ ಯವ್ವಾ? ನೀ ಕಲಸ್ತಿ?"

"ಹೌದು, ನಾನಽ."

"ನೀ ಓದಿದ್ದು ಎರಡನೇತ್ತೆ."

"ನೀ ಹತ್ತು ಓದಿ ಏನ ಕಡದ ಗುಡ್ಡಿ ಹಾಕೀದಿ?"

ಹುಡುಗಿ ನಮ್ಮ ಹಿಂದೆ ಬರುತ್ತಿದ್ದಳು. ನಕ್ಕಳೋ ಅತ್ತಳೋ, ನಾನು ತಿರುಗಿ ನೋಡಲಿಲ್ಲ. ಹನ್ನೆರಡು ತುಂಬಿ ತಾಯಿಯ ಹೆಗಲಿಗೆ ಬಂದಿದ್ದಳು. ಸಣ್ಣವಳಿದ್ದಾಗ ಬಾಯಿಬಡುಕಿ. ಆ ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲೇ ಹೇಳಬೇಕು, ಬರದಿದ್ದರೆ ಸುಮ್ಮನೆ ನಿಲ್ಲಬೇಕು. ನಿಂತು ನಿಂತು ಅದೇ ರೂಢಿಯಾಗಿ, ಮನೆಯಲ್ಲೂ ಯಾರು ಏನು ಕೇಳಿಯಾರೋ ಎಂಬ ಮುಖ ಹೊತ್ತು ತಿರುಗುತ್ತಿದ್ದಳು.

ಎರಡು ಸ್ಟೇಷನ್ ಆಚೆ ಒಂದು ಕನ್ನಡ ಶಾಲೆ ಇತ್ತು. ಅಲ್ಲಿಯ ಹೆಡ್‌ಮಾಸ್ತರರು ಮಂಗಳೂರು ಕಡೆಯವರು. ವಯಸ್ಸು ನೋಡಿ ಹೇಳಿದರು: "ಈಗ ತೆಗೊಂಡ್ರೆ ಆರಕ್ಕೇ ತೆಗೊಳ್ಬೇಕಾಗ್ತದೆ ಅಮ್ಮ. ಒಂದು ಕೆಲಸ ಮಾಡಿ. ಒಂದು ವರ್ಷ ಮನೆಯಲ್ಲೇ ಓದಿಸಿ, ಬರುವ ಜೂನಿಗೆ ಕರ್ಕೊಂಡು ಬನ್ನಿ. ಏಳರದ್ದು ಬಂದ್ರೆ ಎಂಟಕ್ಕೆ ಕೂರಿಸುವ."

ಮಗ ಮನೆಯಲ್ಲಿ ಅದಕ್ಕೊಂದು ಬಾಲ ಜೋಡಿಸಿದ. ಎಂಟು ಸಿಗದಿದ್ದರೆ ಓದು ಸಾಕು, ಅಂಧೇರಿಯ ಕಾರಖಾನೆಯಲ್ಲಿ ಡಬ್ಬಿ ತುಂಬುವ ಕೆಲಸಕ್ಕೆ ಹೋಗಲಿ. ನಾನು ಒಪ್ಪಲೂ ಇಲ್ಲ, ಜಗಳಕ್ಕೂ ಹೋಗಲಿಲ್ಲ. ಜೂನ್ ಬರಲಿ ಎಂದೆ.

ನಮ್ಮದು ಖಾನಾವಳಿ. ಚಾಳಿನ ಕೆಳಗಿನ ಖೋಲಿಯಲ್ಲಿ ಮೊದಲು ಮಿಲ್ಲಿನವರು ಉಣ್ಣುತ್ತಿದ್ದರು. ಮಿಲ್ಲುಗಳು ಬಾಗಿಲು ಹಾಕಿದ ಮೇಲೆ ಕಟ್ಟಡದ ಕೆಲಸಕ್ಕೆ ಬಂದ ನಮ್ಮ ವಿಜಾಪುರ ಕಡೆಯ ಗಂಡಸರು ಬಂದರು. ಮಧ್ಯಾಹ್ನವಾದರೆ ನಾನು, ಸೊಸೆ, ಪಕ್ಕದ ಖೋಲಿಯ ಕಲಬುರ್ಗಿಯವಳು ಮೂವರೂ ಅಗಲ ತಟ್ಟೆಯಂಥ ಪರಾತ ಮುಂದಿಟ್ಟುಕೊಂಡು ಜೋಳದ ರೊಟ್ಟಿ ಬಡಿಯಲು ಕೂಡುತ್ತಿದ್ದೆವು. ಆ ಸದ್ದು ಗಲ್ಲಿಯ ತುದಿಗೂ ಕೇಳುತ್ತಿತ್ತು. ಹುಡುಗಿಯ ಶಾಲೆ ಅಲ್ಲೇ ಆಯಿತು. ನಾವು ಬಡಿಯುವುದು, ಅವಳು ಹಿಟ್ಟಿನ ಡಬ್ಬಿಗೆ ಬೆನ್ನು ಕೊಟ್ಟು ಗಟ್ಟಿಯಾಗಿ ಓದುವುದು.

ಓದುವುದು ಸರಿ, ಯಾವ ಪುಸ್ತಕ? ಸುದ್ದಿ ಹಬ್ಬಿದ್ದೇ ತಡ, ಚಾಳಿನಲ್ಲಿ ಎಲ್ಲರೂ ಪಂಡಿತರಾದರು. ಸಂಡಾಸಿನ ಸರದಿಯಲ್ಲಿ ನಿಂತವರೂ ನನಗೆ ಪುಸ್ತಕದ ಹೆಸರು ಹೇಳಿದರು. ಮಗ ರದ್ದಿ ಅಂಗಡಿಯಿಂದ ಗೈಡ್ ತಂದ. ಪ್ರಶ್ನೆಯ ಕೆಳಗೇ ಉತ್ತರ ಅಚ್ಚಾಗಿತ್ತು.

"ಇಷ್ಟ ಬಾಯಿಪಾಠ ಮಾಡಿದ್ರ ಮುಗೀತು" ಎಂದ.

ಹುಡುಗಿ ಓದಿದಳು. ಮೂವರೂ ರೊಟ್ಟಿ ಬಡಿದೆವು. ಒಂದು ಕ್ಷಣವೂ ಸದ್ದು ನಿಲ್ಲಲಿಲ್ಲ. ಬುಟ್ಟಿ ತುಂಬಿದಾಗ ಕಲಬುರ್ಗಿಯವಳನ್ನು ಕೇಳಿದೆ, "ಏನ ಓದಿದ್ಳ ಹೇಳ ನೋಡೂಣು."

"ಯಾರಿಗ್ಗೊತ್ತು ಯಕ್ಕಾ. ಮಳಿ ಬಂದಂಗಿತ್ತು."

ಅಲ್ಲಿಗೆ ನನಗೆ ಒಂದು ಅಳತೆ ಸಿಕ್ಕಿತು. ಯಾವ ಪುಸ್ತಕ ಓದುವಾಗ ರೊಟ್ಟಿಯ ಸದ್ದು ನಿಲ್ಲುತ್ತದೋ ಅದು ನಮ್ಮ ಪುಸ್ತಕ. ಯಾರ ಕೈಯೂ ನಿಲ್ಲದಿದ್ದರೆ ಅದು ಓದುವವಳ ತಲೆಗೂ ಇಳಿದಿಲ್ಲವೆಂದು ಲೆಕ್ಕ. ಗೈಡನ್ನು ಬಿಸಿ ಪಾತ್ರೆಯ ಅಡಿಗೆ ಇಟ್ಟೆ. ಆ ಕೆಲಸ ಅದು ಚೆನ್ನಾಗಿ ಮಾಡಿತು.

ಅಂಧೇರಿಯ ಒಂದು ಬಿಲ್ಡಿಂಗಿನಲ್ಲಿ ಮೈಸೂರಿನ ಬಾಯಿಯವರಿದ್ದರು. ಗಂಡ ಬ್ಯಾಂಕಿನಲ್ಲಿ. ವಾರಕ್ಕೊಮ್ಮೆ ನನ್ನಿಂದ ರೊಟ್ಟಿ ತರಿಸಿಕೊಳ್ಳುತ್ತಿದ್ದರು. ಅವರು ತಮ್ಮ ಮಗನ ಹಳೆಯ ಇಂಗ್ಲಿಷ್ ಪುಸ್ತಕಗಳನ್ನು ತೆಗೆದಿಟ್ಟರು. ನುಣುಪು ಹಾಳೆ, ಬಣ್ಣದ ಚಿತ್ರ.

"ನೋಡಿ ಅಜ್ಜಿ, ಓದ್ಸೋದೇ ಆದ್ರೆ ಒಳ್ಳೇದನ್ನೇ ಓದ್ಸಿ. ಕನ್ನಡದಲ್ಲಿ ಓದಿ ಈ ಊರಲ್ಲಿ ಏನ್ ಮಾಡ್ತಾಳೆ?"

"ಇಂಗ್ಲಿಷಿನ್ಯಾಗ ಎರಡ ಸಲ ಫೇಲ್ ಆಗ್ಯಾಳ ಬಾಯಾರ. ಇನ್ನೇನ ಮಾಡಬೇಕು?"

ಅವರು ಸಿಟ್ಟಾಗಲಿಲ್ಲ. ಇಂಗ್ಲಿಷನ್ನು ಪೂರಾ ಬಿಡಿಸಬೇಡಿ, ಭಾನುವಾರ ಕಳಿಸಿ, ನಾನೇ ಹೇಳಿಕೊಡ್ತೀನಿ ಎಂದರು. ಆ ಮಾತು ಸರಿ ಇತ್ತು, ಕಳಿಸಿದೆ. ಬಣ್ಣದ ಪುಸ್ತಕಗಳನ್ನು ಮಾತ್ರ ಅಲ್ಲೇ ಬಿಟ್ಟು ಬಂದೆ.

ಉಳಿದ ಪುಸ್ತಕ ನಾನೇ ಆರಿಸಿದೆ. ಊರಿನಿಂದ ಬರುವ ತಮ್ಮನಿಗೆ ಆರು, ಏಳರ ಕನ್ನಡ ಪುಸ್ತಕ ಪೂರಾ ತಾ ಎಂದು ಹೇಳಿ ಕಳಿಸಿದೆ. ಅವನು ಜೋಳದ ಚೀಲದ ಮೇಲೆ ಪುಸ್ತಕದ ಗಂಟು ಹೊತ್ತು ರೈಲು ಇಳಿದ. ಅವನ್ನು ಓದುವಾಗ ನಮ್ಮ ರೊಟ್ಟಿಯ ಸದ್ದು ಎಷ್ಟೋ ಸಲ ನಿಂತಿತು. ಎರೆಹುಳ ನೆಲ ಉಳುತ್ತದೆ ಎಂದು ಓದಿದಾಗ ಸೊಸೆಯ ಹಂಚಿನ ಮೇಲೆ ರೊಟ್ಟಿ ಕಪ್ಪಾಯಿತು. ಗೋಳಗುಮ್ಮಟದ ಪಾಠದ ದಿನ ಉಣ್ಣಲು ಕೂತವರೂ ತುತ್ತು ಹಿಡಿದು ಕೇಳಿದರು. ಗೋಡೆ ಕಟ್ಟುವ ಒಬ್ಬ ಗೌಂಡಿಯಂತೂ ಅದರ ಗೋಡೆಯ ದಪ್ಪ ಪುಸ್ತಕದಲ್ಲಿ ಯಾಕಿಲ್ಲ ಎಂದು ಹುಡುಗಿಯನ್ನೇ ದಬಾಯಿಸಿದ.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಮೈಸೂರಿನ ಬಾಯಿ ಹುಡುಗಿಯ ಕೈಲಿದ್ದ, ಊರಿನಿಂದ ಬಂದ ಭೂಗೋಳದ ಪುಸ್ತಕದ ಮೊದಲ ಹಾಳೆ ತಿರುವಿದರು.

"ಅಜ್ಜಿ, ಇದು ಕರ್ನಾಟಕ ಸರ್ಕಾರದ ಪುಸ್ತಕ."

"ಹೌದು, ಕನ್ನಡ ಪುಸ್ತಕ."

"ಕನ್ನಡ ಸರಿ. ಆದ್ರೆ ಇಲ್ಲಿಯ ಕನ್ನಡ ಶಾಲೆಗೆ ಮಹಾರಾಷ್ಟ್ರದವ್ರೇ ಬೇರೆ ಪುಸ್ತಕ ಮಾಡಿದಾರೆ. ಪರೀಕ್ಷೆ ಅದ್ರಲ್ಲೇ ಇರತ್ತೆ."

ಕನ್ನಡ ಪುಸ್ತಕವೆಂದರೆ ಒಂದೇ ಎಂದು ತಿಳಿದಿದ್ದೆ. ಮರಾಠಿ ಸರ್ಕಾರ ಕನ್ನಡದಲ್ಲಿ ಪುಸ್ತಕ ಅಚ್ಚು ಹಾಕುತ್ತದೆಂದು ನನಗೆ ಯಾರು ಹೇಳಿದ್ದರು? ಆ ಸಂಜೆ ಮಗ ಖಾನಾವಳಿಯವರ ಎದುರೇ ಹಾರಾಡಿದ.

"ಅರ್ಧ ವರ್ಷ ಹೊಳ್ಯಾಗ ಹೋತು. ನಿನ್ನ ಹಟಕ್ಕ ಆ ಹುಡಿಗಿ ಬಲಿ."

"ಕಲತದ್ದು ಹೊಳ್ಯಾಗ ಹೋಗಾಕ ಅದೇನ ನಿನ್ನ ಚಪ್ಪಲೇನ? ನಾಳಿ ಆ ಪುಸ್ತಕನೂ ತಗೊಂಡ ಬಾ."

ತಂದ. ಹಳೆಯದನ್ನು ಎತ್ತಿಡು ಎಂದ. ಎತ್ತಿಡಲಿಲ್ಲ. ಎರಡೂ ಓದಲಿ ಎಂದೆ. ಹುಡುಗಿಯ ಮುಖ ಬಾಡಿತು. ಬಾಡಲಿ, ಜೂನ್ ಯಾರ ಮುಖವನ್ನೂ ನೋಡಿ ತಡೆಯುವುದಿಲ್ಲ.

ಒಂದು ಮಧ್ಯಾಹ್ನ ಅವಳು ಓದುತ್ತ ಓದುತ್ತ ನಿಂತಳು. ಈ ಸಲ ರೊಟ್ಟಿಯ ಸದ್ದು ನಡೆದೇ ಇತ್ತು, ನಿಂತಿದ್ದು ಅವಳ ದನಿ. ಎರಡೂ ಪುಸ್ತಕದ ನಕಾಶೆಗಳನ್ನು ನೆಲದ ಮೇಲೆ ಹರವಿ, ಒಂದರ ಅಂಚಿಗೆ ಇನ್ನೊಂದನ್ನು ಸರಿಸುತ್ತಿದ್ದಳು.

"ಆಯಿ, ಇದರಾಗ ಯಾವ ಪುಸ್ತಕ ಸುಳ್ಳ ಹೇಳತೈತಿ?"

"ಯಾಕ?"

"ಈ ಮಹಾರಾಷ್ಟ್ರದ ಪುಸ್ತಕದಾಗ ಭೀಮಾ ಹೊಳಿ ಗಡಿ ಗೆರಿ ಹತ್ರ ಬಂದು ಮುಗೀತೈತಿ. ಆ ಕರ್ನಾಟಕದ ಪುಸ್ತಕದಾಗ ಅದಽ ಗೆರಿ ಹತ್ರ ಹುಟ್ಟತೈತಿ."

ಮೂವರ ಕೈಯೂ ನಿಂತಿತು. ಆ ಹೊಳೆಯ ದಂಡೆಯ ಮೇಲೆ ಹುಟ್ಟಿದವಳು ನಾನು. ಅದು ಗೆರೆಯ ಮೇಲೆ ಹುಟ್ಟುವುದನ್ನು ನೋಡಿಲ್ಲ, ಸಾಯುವುದನ್ನೂ ನೋಡಿಲ್ಲ. ಆದರೆ ಉತ್ತರ ಹೇಳಲಿಲ್ಲ. ಎರಡು ವರ್ಷದಲ್ಲಿ ಅವಳು ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು, ಅದನ್ನು ಅಷ್ಟು ಬೇಗ ಮುಚ್ಚಿಬಿಡಲು ನನಗೆ ಮನಸ್ಸಾಗಲಿಲ್ಲ.

"ನೀನಽ ಹುಡುಕು" ಎಂದೆ. "ಪುಸ್ತಕ ಸುಳ್ಳ ಹೇಳಿದ್ರ ಹಿಡಿಯಾಕ ಬರತಿರಬೇಕು."

ಕಲಬುರ್ಗಿಯವಳು ನಕ್ಕಳು. "ಯಕ್ಕಾ, ಇಕಿ ವಕೀಲ ಆಗ್ತಾಳ ನೋಡು, ಮೊದಲ ಕೇಸು ನಿನ್ನ ಮ್ಯಾಲೇ ಹಾಕ್ತಾಳ."

ಅಂದಿನಿಂದ ಆ ಬಾಯಿಗೆ ತಡೆ ಇರಲಿಲ್ಲ. ಉಣ್ಣಲು ಬಂದವರನ್ನು, ನೀರಿನ ನಲ್ಲಿಯ ಹತ್ತಿರ ನಿಂತವರನ್ನು, ಮೈಸೂರಿನ ಬಾಯಿಯನ್ನು ಕೇಳಿದ್ದೇ ಕೇಳಿದ್ದು. ಮಗನಿಗೆ ತಲೆ ಕೆಟ್ಟು ಹೋಯಿತು.

ಜೂನಿನಲ್ಲಿ ಹೆಡ್‌ಮಾಸ್ತರರು ಅವಳನ್ನು ಎದುರು ಕೂರಿಸಿಕೊಂಡರು. ನಾನು ಗೋಡೆಗೆ ಆತು ಕೂತೆ. ಲೆಕ್ಕ ಅರ್ಧ ಬಂತು, ಅರ್ಧ ಬರಲಿಲ್ಲ. ಆಮೇಲೆ ಅವರು ಭೀಮಾ ನದಿ ಎಲ್ಲಿ ಹುಟ್ಟುತ್ತದೆ ಎಂದು ಕೇಳಿದರು. ಹೇಳಿದಳು. ಹೇಳಿ ಸುಮ್ಮನಾಗಲಿಲ್ಲ.

"ಸರ್, ಎಲ್ಲಿ ಮುಗೀತೈತಿ ಅಂತ ಯಾಕ ಕೇಳಲಿಲ್ರಿ?"

"ಯಾಕೆ ಕೇಳ್ಬೇಕು?"

"ನಿಮ್ಮ ಪುಸ್ತಕದ ನಕಾಶೆದಾಗ ಅದು ಇಲ್ರಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಹುಡುಗಿ ಚುರುಕುಂಟು. ಆದರೆ ಲೆಕ್ಕ ಸಾಲದು ಅಮ್ಮ. ಏಳಕ್ಕೆ ಹಾಕುವ."

"ಮಾತ ಏನಿತ್ತು ಮಾಸ್ತರ? ಏಳರದ್ದು ಬಂದ್ರ ಎಂಟು."

"ಲೆಕ್ಕ ಅರ್ಧವೇ ಅಲ್ವಾ ಬಂದದ್ದು?"

"ನಿಮ್ಮ ಎಂಟನೇತ್ಯಾಗ ಕುಂತವ್ರಿಗೆಲ್ಲಾ ಪೂರಾ ಬರತೈತೇನ್ರಿ? ಕರೀರಿ ಒಬ್ಬಾಕೀನ್ನ, ಇಲ್ಲೇ ನೋಡೂಣು."

ಯಾರನ್ನೂ ಕರೆಯಲಿಲ್ಲ. ಕಡೆಗೆ, ದೀಪಾವಳಿಯ ಪರೀಕ್ಷೆಯವರೆಗೆ ಎಂಟರಲ್ಲಿ ಕೂರಲಿ, ಲೆಕ್ಕದಲ್ಲಿ ಬಿದ್ದರೆ ಏಳಕ್ಕೆ ಇಳಿಸುತ್ತೇನೆ ಎಂದರು. ಆಗಲಿ ಎಂದು ಎದ್ದೆ. ಹೊರಗೆ ಬಂದು ಹುಡುಗಿಗೆ ಹೇಳಿದೆ, ಇನ್ನು ಲೆಕ್ಕ ಬರುವವರೆಗೆ ನಿನಗೆ ಭೀಮಾ ಇಲ್ಲ, ಗೋಳಗುಮ್ಮಟ ಇಲ್ಲ.

ದೀಪಾವಳಿಯ ಪರೀಕ್ಷೆ ಮುಗಿದು ಶಾಲೆಯಿಂದ ಕರೆ ಬಂತು. ಬಿದ್ದಳು ಎಂದುಕೊಂಡೇ ಹೋದೆ. ಮಗ ನಾಳೆಯೇ ಅಂಧೇರಿಯ ಕಾರಖಾನೆಗೆ ಕರೆದೊಯ್ಯುತ್ತಾನೆ, ಅವನಿಗೆ ಏನು ಹೇಳಬೇಕೆಂದು ಲೋಕಲ್‌ನಲ್ಲಿ ಬೈಗುಳ ಜೋಡಿಸಿಕೊಳ್ಳುತ್ತಿದ್ದೆ.

"ಲೆಕ್ಕ ಹೇಗೋ ದಾಟಿದ್ದಾಳೆ" ಎಂದರು ಹೆಡ್‌ಮಾಸ್ತರರು. "ಎಂಟರಲ್ಲೇ ಇರಲಿ. ನಾನು ಕರೆದದ್ದು ಬೇರೆ ವಿಷಯಕ್ಕೆ. ಕ್ಲಾಸಿನಲ್ಲಿ ಭಾರಿ ಪ್ರಶ್ನೆ ಕೇಳ್ತಾಳೆ ಮಾರಾಯ್ರೆ. ಟೀಚರುಗಳಿಗೆ ಪಾಠ ಮುಗಿಸ್ಲಿಕ್ಕೆ ಆಗೂದಿಲ್ಲ. ಸ್ವಲ್ಪ ಕಡಿಮೆ ಮಾಡ್ಲಿಕ್ಕೆ ಹೇಳಿ."

"ಕೇಳೂದು ಕಲಸಾಕ ನನಗ ಒಂದ ವರ್ಷ ಹಿಡೀತು ಮಾಸ್ತರ" ಎಂದೆ. "ಬಿಡಸೂದಿದ್ರ ನೀವು ಬಿಡಸ್ರಿ. ನನ್ನ ಕಡಿಂದ ಆಗಂಗಿಲ್ಲ."

ಮಧ್ಯಾಹ್ನದ ರೊಟ್ಟಿಗೆ ಹೊತ್ತಾಗಿತ್ತು. ಎದ್ದು ಬಂದೆ.