ಬಾಯಾಡಿಸಲು ಕರೆದವರು

ತಬಲಾದ ಮೇಲೆ ಸ್ಪಂಜು ಅಂಟಿಸುವುದನ್ನು ನಾನು ಮೊದಲ ಸಲ ನೋಡಿದ್ದು ದಿಂಡಿಗಲ್ಲಿನ ಒಂದು ಕಲ್ಯಾಣಮಂಟಪದಲ್ಲಿ. ಅಂಟಿಸುತ್ತಿದ್ದವನು ಮದುವೆಯ ಮನರಂಜನೆ ವಹಿಸಿಕೊಂಡಿದ್ದ ಕಂಪನಿಯ ಮ್ಯಾನೇಜರ್. ತಬಲಾ ನನ್ನ ಸೋದರಮಾವನದು. ಆ ಜೋಡಿಯನ್ನು ಯಾರ ಕೈಗೂ ಕೊಡದ ಮಾವ, ಹಲ್ಲು ಕೀಳಿಸಿಕೊಳ್ಳಲು ಬಂದವರ ಹಾಗೆ ಮುಖ ಗಂಟು ಹಾಕಿಕೊಂಡು ನಿಂತಿದ್ದರು.

“ಕೈ ಆಡಬೇಕು, ಸದ್ದು ಬರಬಾರದು” ಎಂದ ಮ್ಯಾನೇಜರ್, ತಮಿಳಿನಲ್ಲಿ. ಆಮೇಲೆ ನನ್ನ ಕಡೆ ತಿರುಗಿ, “ಅಕ್ಕಾ, ನೀಂಗ ಸುಮ್ಮಾ ವಾಯಸಚ್ಚಾ ಪೋದುಂ” ಎಂದ. ನಾನು ಸುಮ್ಮನೆ ಬಾಯಾಡಿಸಿದರೆ ಸಾಕಂತೆ.

ಇಪ್ಪತ್ತೆರಡು ವರ್ಷ ತೇನಿ, ಬೋಡಿ, ಕಂಬಂ ಎಂದು ವ್ಯಾನಿನಲ್ಲಿ ಅಲೆದು, ಮದುವೆಮನೆ ಎನ್ನದೆ ಅಂಗಡಿ ಉದ್ಘಾಟನೆ ಎನ್ನದೆ ಹಾಡಿದ ಬಾಯಿಗೆ ಸಿಕ್ಕ ಮರ್ಯಾದೆ ಇದು.

ನಾನು ಒಪ್ಪಿಕೊಂಡಿದ್ದು ಮಾವನಿಗಾಗಿ. ನಮ್ಮ ತಂಡಕ್ಕೆ ತಿಂಗಳುಗಟ್ಟಲೆ ಕಚೇರಿ ಇರಲಿಲ್ಲ. ಫೋನಿನಲ್ಲಿ ಕರೆದವರು ತಬಲಾ ಬೇಕು, ಕೋರಸ್ಸಿಗೆ ಒಬ್ಬರು ಬೇಕು ಎಂದರೇ ಹೊರತು ಅವುಗಳ ಸದ್ದು ಬೇಡವೆಂದು ಹೇಳಲಿಲ್ಲ. ಮಾವ ಎರಡು ದಿನ ಮೊದಲೇ ಶ್ರುತಿ ಕೂಡಿಸಿಟ್ಟುಕೊಂಡಿದ್ದರು. ವಿಷಯ ಗೊತ್ತಾದ ಮೇಲಾದರೂ ನಾವು ಎದ್ದು ಬರಬಹುದಿತ್ತು. ಬರಲಿಲ್ಲ. ಆ ದಿನ ಯಾರನ್ನೇ ಹಳಿಯುವುದಾದರೂ ಮೊದಲು ನನ್ನನ್ನೇ ಹಳಿದುಕೊಳ್ಳಬೇಕು.

ಅಂದು ಹಾಡಲಿದ್ದ ಗಾಯಕ ಸತ್ತು ಕೆಲವು ವರ್ಷಗಳಾಗಿದ್ದವು. ತಮಿಳುನಾಡಿನ ಬಸ್ಸುಗಳಲ್ಲೆಲ್ಲ ಇಂದಿಗೂ ಅವರದೇ ದನಿ. ವೇದಿಕೆಯ ನಡುವೆ ಸೊಳ್ಳೆಪರದೆಯಂಥ ಒಂದು ಬಲೆ ಕಟ್ಟಿ, ಅದರ ಮೇಲೆ ಬೆಳಕು ಬಿಟ್ಟು ಅವರ ಆಕೃತಿಯನ್ನು ನಿಲ್ಲಿಸಿದರು. ಬಿಳಿ ಅಂಗಿ, ಕೈಯಲ್ಲಿ ಮೈಕು, ತುಟಿಯಲ್ಲಿ ನಗು. ಬೆಳಕು ಎದ್ದು ಕಾಣಲೆಂದು ಹಾಡಹಗಲಲ್ಲಿ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಇಳಿಬಿಟ್ಟಿದ್ದರು. ಗಾಳಿಗೆ ಬಲೆ ಅಲುಗಬಾರದೆಂದು ಫ್ಯಾನುಗಳನ್ನೂ ಆರಿಸಿದರು. ಅದು ಚಿತ್ತಿರೈ ತಿಂಗಳ ನಡುಬೇಸಿಗೆಯ ಬಿಸಿಲು. ರೇಷ್ಮೆ ಸೀರೆಯುಟ್ಟ ಹೆಂಗಸರು ಲಗ್ನಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುತ್ತ ಕೂತರು. ಸೆಕೆ ತಡೆಯದೆ ಯಾರೋ ಒಂದು ಫ್ಯಾನು ಹಾಕಿದ್ದೇ ತಡ, ಆ ದೊಡ್ಡ ಗಾಯಕರ ಹೊಟ್ಟೆ ಕೆರೆನೀರಿನ ಹಾಗೆ ಅಲೆಯೆದ್ದಿತು. ಮ್ಯಾನೇಜರ್ ಓಡಿಹೋಗಿ ಆರಿಸಿದ. ಬದುಕಿದ್ದವರು ಬೆವರಬೇಕು, ಸತ್ತವರು ಅಲುಗಬಾರದು!

ಪ್ರತಿ ಹಾಡು ಮುಗಿದಾಗಲೂ ಆ ಆಕೃತಿ ಕೈಮುಗಿದು “ನನ್ರಿ, ನನ್ರಿ” ಎಂದು ತಮಿಳಿನಲ್ಲಿ ಧನ್ಯವಾದ ಹೇಳುತ್ತಿತ್ತು. ಯಾವುದೋ ದೊಡ್ಡ ಊರಿನ ಚಪ್ಪಾಳೆಗೆಂದು ಅಳೆದಿಟ್ಟ ಬಿಡುವು ಅದು. ಇಲ್ಲಿ ಮೊದಲ ಪಂಕ್ತಿಗೆ ಎಲೆ ಹಾಕಿದ್ದರಿಂದ ಅರ್ಧ ಜನ ಊಟಕ್ಕೆ ಎದ್ದಿದ್ದರು. ಖಾಲಿ ಕುರ್ಚಿಗಳಿಗೆ ಅದು ಹಾಗೆಯೇ ಬಾಗಿ ನಗುತ್ತಿತ್ತು. ನಾನು ಎಡಗಡೆ ನಿಂತು, ಎಲ್ಲಿಗೂ ಜೋಡಿಸದ ಮೈಕಿನ ಮುಂದೆ ಬಾಯಾಡಿಸಿದೆ. ಮಾವ ಸ್ಪಂಜನ್ನು ತಟ್ಟುತ್ತಿದ್ದರು. ಒಂದು ಸಲ ನಮ್ಮಿಬ್ಬರ ಕಣ್ಣು ಸೇರಿತು. ಮಾವ ತಲೆ ತಗ್ಗಿಸಿಬಿಟ್ಟರು.

ಅಲ್ಲಿ ನಿಂತಿದ್ದಾಗ ನನಗೆ ಕಾಮಯಗೌಂಡನ್‌ಪಟ್ಟಿಯ ಒಂದು ಸಂಜೆಯ ಕಚೇರಿ ನೆನಪಾಯಿತು. ದ್ರಾಕ್ಷಿ ಕೊಯ್ಲು ಮುಗಿಸಿ ಬಂದ ಹೆಂಗಸರು ನೆಲದ ಮೇಲೆಯೇ ಕೂತಿದ್ದರು. ಎರಡನೆಯ ಚರಣ ನನಗೆ ಪೂರ್ತಿ ಮರೆತುಹೋಯಿತು. ಮಾವ ತಾಳ ಬಿಡದೆ ಎರಡು ಸುತ್ತು ನುಡಿಸಿ ಕಾದರು. ಅಷ್ಟರಲ್ಲಿ ಕೂತಿದ್ದ ಹೆಂಗಸರೇ ಆ ಸಾಲು ಎತ್ತಿಕೊಟ್ಟರು. ಅಂದು ನಾಚಿಕೆಯಿಂದ ನನಗೆ ಅಳು ಬಂದಿತ್ತು. ಈ ಬೆಳಕಿನ ಮನುಷ್ಯನಿಗೆ ಒಂದು ಸಾಲೂ ಮರೆಯುವುದಿಲ್ಲ. ಅದನ್ನೇ ಮ್ಯಾನೇಜರ್ ದೊಡ್ಡಸ್ತಿಕೆಯೆಂದು ಹೇಳಿಕೊಂಡು ತಿರುಗುತ್ತಿದ್ದ.

ನಾಲ್ಕನೆಯ ಹಾಡು ಮುಗಿಯುವ ಹೊತ್ತಿಗೆ ಮುಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದು ಬಂದರು. ಮದುಮಗಳ ಅಪ್ಪನ ತಾಯಿ, ಕಂಬಂ ಕಡೆಯವರು, ಮನೆಯಲ್ಲಿ ನಮ್ಮಂತೆಯೇ ಕನ್ನಡ ಆಡುವವರು. ಕಣ್ಣು ಮಂಜು. ಬಲೆಯ ಹತ್ತಿರ ನಿಂತು, ಕತ್ತೆತ್ತಿ ಕೇಳಿದರು:

“ಏನಪ್ಪಾ, ನಿಂಗೆ ನಮ್ ಮಾತ್ ಬತ್ತದಾ? ನಮ್ ಮದ್ವೆ ಪಾಟ್ಟು ಒಂದ್ ಹಾಡ್ತೀಯಾ?”

ಸರಿಯಾಗಿ ಅದೇ ಗಳಿಗೆಗೆ ಆಕೃತಿ ಕೈಮುಗಿದು “ನನ್ರಿ” ಎಂದಿತು. ಒಪ್ಪಿದರೆಂದುಕೊಂಡು ಅಜ್ಜಿಯ ಮುಖ ಅರಳಿತು. ಸೆರಗು ಸರಿಮಾಡಿಕೊಂಡು ಕಾದು ನಿಂತರು. ಲ್ಯಾಪ್‌ಟಾಪಿನಲ್ಲಿದ್ದ ಐದನೆಯ ಹಾಡು ಶುರುವಾಯಿತು. ಅಜ್ಜಿ ಮತ್ತೆ ಕೇಳಿದರು. ಸುತ್ತಲಿದ್ದ ಹುಡುಗಿಯರು ಕಿಸಕ್ಕನೆ ನಕ್ಕು ಫೋನುಗಳನ್ನು ಎತ್ತಿ ಹಿಡಿದರು. ಮೊಮ್ಮಕ್ಕಳೇ ಅವರು. ಅಜ್ಜಿಯ ಮಾತು ಅವರಿಗೆ ಅರ್ಥವಾಗುತ್ತಿತ್ತು, ಅದರಲ್ಲೇ ಉತ್ತರಿಸಲು ಮಾತ್ರ ಯಾರಿಗೂ ಬಾಯಿ ಬರುತ್ತಿರಲಿಲ್ಲ.

ನನ್ನ ಬಾಯಿ ಆಗ ಮುಚ್ಚಿಕೊಂಡಿತು. ವೇದಿಕೆ ಇಳಿದು ಹೋಗಿ ಅವರ ಕೈ ಹಿಡಿದೆ.

“ಅವ್ವಾ, ಅವ್ರಿಗೆ ಕೇಳ್ಸಾಕಿಲ್ಲ. ಅವ್ರಿಲ್ಲಿ ಇಲ್ವೇ ಇಲ್ಲ. ಬನ್ನಿ, ನಾ ಹಾಡ್ತೀನಿ.”

“ನೀ ಯಾರ್ ಮಗಾ?”

“ಹಾಡೋವ್ಳು.”

ಊಟದ ಹಾಲಿನ ಪಕ್ಕದ ಜಗಲಿಗೆ ಹೋದೆವು. ಅಲ್ಲಿ ಫ್ಯಾನು ತಿರುಗುತ್ತಿತ್ತು. ಹಿಂದಿನಿಂದ ಪರ್ರ್ ಎಂದು ಏನೋ ಹರಿದ ಸದ್ದು. ಮಾವ ಸ್ಪಂಜು ಕಿತ್ತೆಸೆದು, ಎರಡೂ ತಬಲಾಗಳನ್ನು ಕಂಕುಳಲ್ಲಿ ಇರುಕಿಕೊಂಡು ಬರುತ್ತಿದ್ದರು.

ಮದುಮಗಳಿಗೆ ಅರಿಶಿನ ಹಚ್ಚುವಾಗ ನಮ್ಮ ಮನೆಗಳಲ್ಲಿ ಹೇಳುವ ಹಾಡೊಂದಿದೆ. ನನ್ನ ಅಮ್ಮನಿಂದ ಕೇಳಿದಷ್ಟು ನೆನಪಿತ್ತು. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಅಜ್ಜಿ ನನ್ನ ತೊಡೆಗೆ ಪಟ್ಟನೆ ಹೊಡೆದು, “ಹಂಗಲ್ಲ ಮಗಾ! ಯಾರ್ ಹೇಳ್ಕೊಟ್ರು ನಿಂಗೆ?” ಎಂದು ಗದರಿಸಿ, ತಾವೇ ಹಾಡಿದರು. ದನಿ ಒಡೆದಿತ್ತು, ಉಸಿರು ಸಾಲುತ್ತಿರಲಿಲ್ಲ. ಅವರು ಉಸಿರು ಎಳೆದುಕೊಳ್ಳುವಷ್ಟು ಹೊತ್ತೂ ಮಾವ ಬೆರಳ ತುದಿಯಲ್ಲಿ ತಾಳ ಹಿಡಿದಿಟ್ಟರು. ಕೈ ತೊಳೆಯಲು ಬಂದ ಏಳೆಂಟು ಹೆಂಗಸರು ನಿಂತು ಕೇಳಿದರು. ಇಬ್ಬರು ಜೊತೆಗೆ ಹಾಡಿದರು. ಉಳಿದ ಮದುವೆಮನೆ ಒಳಗೆ ಕತ್ತಲಲ್ಲಿ ಕೂತು ಆ ಬಲೆಯನ್ನೇ ನೋಡುತ್ತಿತ್ತು. ನಮ್ಮ ಹಾಡಿನಿಂದ ಯಾರ ಮನಸ್ಸೂ ಬದಲಾಗಲಿಲ್ಲ.

ಮ್ಯಾನೇಜರ್ ಬಂದು ಕೂಗಾಡಿದ. ವೇದಿಕೆಯ ಎಡಗಡೆ ಖಾಲಿಯಾಗಿ ವಿಡಿಯೊ ಕೆಟ್ಟುಹೋಯಿತಂತೆ. ಇನ್ನು ಕರೆಯುವುದಿಲ್ಲ ಎಂದ. ಒಳ್ಳೆಯದಾಯಿತು ಎಂದರು ಮಾವ. ಹಿಂದಿರುಗುವಾಗ ಬಸ್ಸು ಬತ್ತಲಗುಂಡಿನಲ್ಲಿ ನಿಂತಿತು. ಅಲ್ಲಿ ಟೀ ಕುಡಿಯುತ್ತ, “ನಂಗೂ ವಯಸ್ಸಾಯ್ತು, ಇಲ್ದಿದ್ರೆ ಆ ಸ್ಪಂಜ್ ಅವ್ನ್ ಬಾಯಿಗೇ ತುರ್ಕ್ತಿದ್ದೆ” ಎಂದರು.

ಕರೆಯುವುದಿಲ್ಲ ಎಂದವನು ಮೂರು ವಾರಕ್ಕೇ ಫೋನ್ ಮಾಡಿದ. ಜಗಲಿಯ ಹಾಡನ್ನು ಯಾರೋ ಫೋನಿನಲ್ಲಿ ವಿಡಿಯೊ ಮಾಡಿದ್ದರಂತೆ, ತುಂಬ ಜನ ನೋಡಿದರಂತೆ. ಮದುರೆಯ ಸ್ಟುಡಿಯೊಗೆ ಬಂದು ಕ್ಯಾಮೆರಾಗಳ ನಡುವೆ ನಿಂತು ಹಾಡಿ ಕೊಡಬೇಕಂತೆ. ಜೇನು ಸುರಿಯುವ ದನಿಯಲ್ಲಿ ಹೇಳಿದ: “ಒಂದೇ ಒಂದು ಸಲ ಬನ್ನಿ ಅಕ್ಕಾ. ಆಮೇಲೆ ಯಾವ ಮದುವೆಗೂ ನೀವು ಬರಬೇಕಾದ್ದೇ ಇಲ್ಲ.”

“ಬದುಕಿರುವಾಗಲೇ ನನ್ನನ್ನು ಬಲೆಗೆ ಹಾಕುತ್ತೀಯೇನಪ್ಪಾ?” ಎಂದು ಕೇಳಿದೆ. ಅವನಿಗೆ ಅರ್ಥವಾಗಲಿಲ್ಲ. ತಾನು ನನಗೆ ಉಪಕಾರ ಮಾಡುತ್ತಿದ್ದೇನೆಂದೇ ಅವನು ನಂಬಿದ್ದ. ಫೋನ್ ಇಟ್ಟುಬಿಟ್ಟೆ.

ಅಜ್ಜಿಯೂ ಹೇಳಿ ಕಳಿಸಿದ್ದರು, ಹಾಡನ್ನು ತಪ್ಪಿಲ್ಲದೆ ಕಲಿತುಕೊಂಡು ಹೋಗು ಎಂದು. ಈಗ ತಿಂಗಳಿಗೆರಡು ಭಾನುವಾರ ತೇನಿಯಿಂದ ಕಂಬಂ ಕಡೆಗೆ, ಅಜ್ಜಿಯ ಮನೆಗೆ ಬಸ್ಸು ಹತ್ತುತ್ತೇನೆ. ಇದುವರೆಗೆ ಆರು ಹಾಡು ಕಲಿತಿದ್ದೇನೆ. ಎರಡರಲ್ಲಿ ಇನ್ನೂ ತಪ್ಪುತ್ತದೆ, ಅಜ್ಜಿ ಬಿಡದೆ ಬಯ್ಯುತ್ತಾರೆ.