ಗೊತ್ತಿದ್ದೂ ಮುರಿದುಕೊಟ್ಟ ರೊಟ್ಟಿ

ಚೇಟ್ಟತ್ತಿಯ ಬಲಗೈ ಹೆಬ್ಬೆರಳಿಗೆ ಅರ್ಧವೇ ಉಗುರು. ಕಾಫಿ ಗಿಡ ಸವರುವಾಗ ಕತ್ತಿ ತಾಗಿ ಹೋದದ್ದು. ಆ ಮೊಂಡು ಬೆರಳನ್ನು ಮೂಗಿನ ಮುಂದೆ ಹಿಡಿದು ಬೈದರೆ ಗಡಿಯಾಚೆಯ ನಮ್ಮೂರು ಮುಳ್ಳನ್ಕೊಲ್ಲಿಯ ಎಂಥ ಪುಂಡನೂ ತೆಪ್ಪಗಾಗುತ್ತಿದ್ದ.

ಚೇಟ್ಟತ್ತಿ ಅಂದರೆ ಅಕ್ಕ. ಊರಿಗೆಲ್ಲ ಅವರು ಅಕ್ಕನೇ. ಮದುವೆಯಾಗಿರಲಿಲ್ಲ. ನಮ್ಮ ಬೇಲಿಯಾಚೆಯ ಮನೆ. ಭಾನುವಾರ ಪಳ್ಳಿಯಲ್ಲಿ, ಅಂದರೆ ಇಗರ್ಜಿಯಲ್ಲಿ, ಮಕ್ಕಳಿಗೆ ವೇದಪಾಠ ಹೇಳುತ್ತಿದ್ದರು. ನಾವು ಹೆಗ್ಗಡದೇವನಕೋಟೆ ಕಡೆಯಿಂದ ಬಂದವರು, ಕ್ರೈಸ್ತರಲ್ಲ. ಆದರೂ ನನಗೆ ಮಲಯಾಳ ಅಕ್ಷರ ತಿದ್ದಿಸಿದವರು ಅವರೇ. ಬೈಯುವುದು ಮಾತ್ರ ನಮ್ಮವ್ವನಿಂದ ಕಲಿತ ಕನ್ನಡದಲ್ಲಿ.

ಒಮ್ಮೆ ಪಾಠದಲ್ಲೊಬ್ಬಳು ಹುಡುಗಿ ಕೇಳಿದಳಂತೆ: ಜೊತೆಗೆ ರೊಟ್ಟಿ ತಿಂದ ಶಿಷ್ಯ ಯೂದ ತನ್ನನ್ನು ಹಿಡಿದುಕೊಡುತ್ತಾನೆಂದು ಯೇಸುವಿಗೆ ಮೊದಲೇ ಗೊತ್ತಿದ್ದರೆ ಯೂದನ ತಪ್ಪೇನು? ಚೇಟ್ಟತ್ತಿ ನಮ್ಮ ಜಗಲಿಯಲ್ಲಿ ಕೂತು ನಗುತ್ತಾ ಹೇಳಿದರು: "ನೀ ಬೆಲ್ಲ ಕದೀತೀಯ ಅಂತ ನಿನ್ ಅಮ್ಮಚ್ಚಿಗೆ ಗೊತ್ತು. ಹಂಗಂತ ಕದ್ದಿದ್ದು ಅಮ್ಮಚ್ಚಿಯಾ ಅಂದೆ."

ಚೇಟ್ಟತ್ತಿಯ ಮನೆಯ ಕಾಗದ ತೀರಿಹೋದ ಅವರಣ್ಣನ ಹೆಸರಿನಲ್ಲಿತ್ತು. ಸಾಯುವತನಕ ತಂಗಿ ಅಲ್ಲೇ ಇರಲೆಂದು ಅಣ್ಣ ಬಾಯಿಮಾತಿನಲ್ಲಿ ಹೇಳಿದ್ದ, ಅಷ್ಟೇ. ಅಣ್ಣನ ಮಗನಿಗೆ ಆ ಜಾಗ ಬೇಕಾಯಿತು. ತಾನಾಗಿಯೇ ಬಿಟ್ಟುಹೋಗುತ್ತೇನೆಂದು ಅತ್ತೆ ಒಪ್ಪಿದ್ದಳೆಂದು ಹೇಳಿಕೊಂಡು ಪಳ್ಳಿಯ ಹಿರಿಯರ ಹತ್ತಿರ ಹೋದ. ಗುಡ್‌ಫ್ರೈಡೆ ಕಳೆದ ಮಂಗಳವಾರ ಹಿರಿಯರ ವಿಚಾರಣೆ; ಅತ್ತೆ ಹಾಗಂದದ್ದನ್ನು ಕೇಳಿಸಿಕೊಂಡ ಸಾಕ್ಷಿ ಬೇಕಿತ್ತು. ನಾನು ಹಾಗೆ ಹೇಳಿದರೆ ಆ ಮನೆಯ ರಸ್ತೆ ಬದಿಯ ಕೋಣೆಯನ್ನು ನನ್ನ ಅಂಗಡಿಗೆ ಬಿಡುತ್ತೇನೆಂದ. ಥೂ ನನ್ನ ಜನ್ಮಕ್ಕೆ! ಹೂಂ ಅಂದೆ.

ಗುಡ್‌ಫ್ರೈಡೆಯ ಹಿಂದಿನ ಸಂಜೆ ಅವರ ಮನೆಗಳಲ್ಲಿ ಪೆಸಹಾ, ಯೇಸು ಶಿಷ್ಯರ ಜೊತೆ ಮಾಡಿದ ಕಡೆಯ ಊಟದ ನೆನಪು. ಹುಳಿ ಬರಿಸದ ಅಕ್ಕಿರೊಟ್ಟಿ ಬೇಯಿಸಿ, ಮೇಲೆ ತೆಂಗಿನಗರಿಯ ಶಿಲುಬೆ ಇಟ್ಟು, ಮನೆಯ ಹಿರಿಯರು ಮುರಿದು ಹಂಚುತ್ತಾರೆ. ಶಿಲುಬೆಯ ರೊಟ್ಟಿಯನ್ನು ಹೊರಗಿನವರಿಗೆ ಕೊಡುವ ಕ್ರಮವಿಲ್ಲ. ನಮಗೆ ಬೇರೆಯದೇ ಬರುತ್ತಿತ್ತು. ಆ ವರ್ಷ ಚೇಟ್ಟತ್ತಿ ನನ್ನನ್ನು ಕರೆಸಿ, ಶಿಲುಬೆಯದನ್ನೇ ಮುರಿದು, ಬೆಲ್ಲದ ತೆಂಗಿನಹಾಲಿನಲ್ಲಿ ಅದ್ದಿ ಕೈಗಿಟ್ಟರು.

"ಮಂಗಳವಾರ ನೀ ಏನ್ ಹೇಳ್ತೀಯ ಅಂತ ನಂಗೊತ್ತು ಮೋನೇ. ಗೊತ್ತಿದ್ದೇ ಕೊಟ್ಟಿದೀನಿ. ಹೇಳೋದು ಬಿಡೋದು ನಿಂದು. ಇನ್ನೂ ನಾಲ್ಕ್ ದಿವ್ಸ ಇದೆ."

ತಿಂದೆ. ಮಂಗಳವಾರ ಹೋಗಿ ಸುಳ್ಳನ್ನೇ ಹೇಳಿದೆ. ಚೇಟ್ಟತ್ತಿ ಕೇಣಿಚಿರದ ಬಾಡಿಗೆ ಕೋಣೆ ಸೇರಿದರು. ನಾನು ಅಂಗಡಿ ತೆರೆದೆ.

ಸಿಟ್ಟು ಬಂದದ್ದು ಅವರ ಮೇಲೆಯೇ. ಗೊತ್ತಿತ್ತಲ್ಲ, ಕೆನ್ನೆಗೆರಡು ಬಿಗಿದು ತಡೆಯಬಾರದಿತ್ತೇ? ರೊಟ್ಟಿ ಯಾಕೆ ಕೊಡಬೇಕಿತ್ತು? ಒಂದು ದಿನ ಕೇಣಿಚಿರಕ್ಕೇ ಹೋಗಿ, "ಎಲ್ಲಾ ಹಣೆಬರಹ ಚೇಟ್ಟತ್ತಿ" ಅಂದುಬಿಟ್ಟೆ.

ಮೊಂಡು ಬೆರಳು ಮೂಗಿಗೇ ಬಂತು. "ಹಣೆಬರಹ ಆಗಿದ್ರೆ ನಿನ್ ಮೇಲೆ ನಂಗ್ಯಾಕೆ ಸಿಟ್ಟು? ಮರ ಮೈಮೇಲೆ ಬಿದ್ರೆ ಮರಕ್ಕೆ ಬೈತಾರೇನೋ? ನೀ ಬೇರೆ ಹೇಳಬಹುದಿತ್ತು, ಅದಕ್ಕೇ ಸಿಟ್ಟು. ಎದ್ದು ಹೋಗು."

ಮತ್ತೆ ಅವರನ್ನು ನೋಡಿದ್ದು ಶವಪೆಟ್ಟಿಗೆಯಲ್ಲಿ. ಮಣ್ಣು ಹಾಕಿ ಕೈ ಕೊಡವುತ್ತಾ ಅಣ್ಣನ ಮಗ ನನ್ನ ಪಕ್ಕ ಬಂದು, "ಎಲ್ಲಾಂ ದೈವಹಿತಂ, ಅಲ್ಲೇ?" ಅಂದ. ಎಲ್ಲ ದೇವರ ಇಚ್ಛೆಯಂತೆ!

ಮೈ ಉರಿದುಹೋಯಿತು. "ದೇವರನ್ನ ಎಳೀಬೇಡ ಕಣೋ! ಮನೆ ಬಿಡ್ತೀನಿ ಅಂತ ಚೇಟ್ಟತ್ತಿ ಯಾವತ್ತೂ ಹೇಳಿರಲಿಲ್ಲ. ನೀ ಹೇಳಿಸಿದೆ, ನಾ ಸುಳ್ಳು ಹೇಳಿದೆ!" ಎಂದು ಹಿರಿಯರಿಗೆಲ್ಲ ಕೇಳುವಂತೆ ಕೂಗಿದೆ. ಯಾರೋ ತೋಳು ಹಿಡಿದು ಹೊರಗೆಳೆದರು.

ನಿಜ ಹೇಳುವುದು ಅಷ್ಟೊಂದು ಸಲೀಸಾಗಿತ್ತು. ಆ ಮಂಗಳವಾರವೂ ಅಷ್ಟೇ ಸಲೀಸಾಗಿತ್ತು.