ಅಕ್ಕನ ಗುಳಿಗೆ, ಅಕ್ಕನ ಆಣೆ

ಶಿಗ್ಗಾಂವಿಯ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಅಕ್ಕ ರೊಟ್ಟಿ ಬಡಿಯುವ ಸಪ್ಪಳಕ್ಕೆ. ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಆ ಸಪ್ಪಳ ನಿಂತಿತು. ಅವಳ ಬೆರಳ ಗೆಣ್ಣುಗಳು ಬಾತವು, ಕೆನ್ನೆ ಕೆಂಪೇರಿತು, ಜ್ವರ ಬಿಡಲಿಲ್ಲ.

ಹುಬ್ಬಳ್ಳಿಯ ಡಾಕ್ಟರು ಅವ್ವನಿಗೆ ತಿಳಿಯುವಂತೆ ಹೇಳಿದರು: “ಮೈಯಾಗ ಕಾವಲು ಕಾಯೋ ಕಣ ಇರ್ತಾವು. ವೈರಿ ಬಂದಾನ ಅಂತ ಒಂದಕ್ಕೊಂದು ಸುದ್ದಿ ಮುಟ್ಟಸ್ತಾವು. ಇಕಿ ಮೈಯಾಗ ವೈರಿ ಇಲ್ಲದಿದ್ರೂ ಸುದ್ದಿ ನಿಂತಿಲ್ಲ. ತನ್ನ ಮೈನ ತಾನ ಹೊಡಕೊಳ್ಳಾಕತ್ತೈತಿ.” ಆ ಸುದ್ದಿ ಒಯ್ಯುವುದು ಒಂದು ಬಗೆಯ ಪ್ರೋಟೀನು ಎಂದು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಡಾಕ್ಟರು ಬಿಳಿ ಗುಳಿಗೆ ಬರೆದುಕೊಟ್ಟು, ಒಂದು ದಿನವೂ ಬಿಡಬಾರದೆಂದರು. ಕೊಡುವ ಕೆಲಸ ಹದಿಮೂರರ ನನ್ನ ಪಾಲಿಗೆ ಬಂತು.

ಬಾವು ಇಳಿಯಿತು, ರೊಟ್ಟಿಯ ಸಪ್ಪಳ ಮತ್ತೆ ಕೇಳಿಸಿತು. ಆದರೆ ಗುಳಿಗೆಯಿಂದ ಅವಳ ಮುಖ ಉಬ್ಬಿತು. ಅಷ್ಟರಲ್ಲಿ ಹಾನಗಲ್ಲಿನವರು ಕನ್ಯಾ ನೋಡಲು ಬರುವುದೆಂದಾಯಿತು.

“ಈ ಮಾರಿ ತೋರಸ್ಲೇನ ಅವ್ರಿಗೆ? ಅವ್ರು ಬಂದು ಹೋಗೋತನಕ ಗುಳಿಗಿ ಬ್ಯಾಡ. ಅವ್ವಗ ಹೇಳಿದ್ರ ನನ್ನ ಆಣಿ ಐತಿ ನೋಡು,” ಎಂದಳು ಅಕ್ಕ.

ಆಣೆ ಮುರಿದರೆ ಯಾರ ಮೇಲೆ ಆಣೆಯೋ ಅವರೇ ಸಾಯುತ್ತಾರೆಂದು ನಮ್ಮ ಓಣಿಯ ಮಕ್ಕಳಿಗೆಲ್ಲ ಗೊತ್ತಿತ್ತು. ದಿನಾ ಒಂದು ಗುಳಿಗೆಯನ್ನು ಬಚ್ಚಲಿಗೆ ಹಾಕಿ ನೀರು ಸುರಿದೆ. ನನ್ನದೂ ಒಂದು ಬುದ್ಧಿಯೇ!

ಒಂಬತ್ತನೆಯ ದಿನ ಬಂದವರು ಉಂಡು, ಅವಳ ಕೈಯ ರೊಟ್ಟಿ ಹೊಗಳಿ ಹೋದರು. ಅವರ ಬಸ್ಸು ಹೊರಟಿತ್ತೋ ಇಲ್ಲವೋ, ಅಕ್ಕ ವಾಂತಿ ಮಾಡಿಕೊಂಡು ಒಲೆಯ ಮುಂದೆಯೇ ಕುಸಿದಳು. ಬಾಡಿಗೆ ಕಾರಿನಲ್ಲಿ ಹುಬ್ಬಳ್ಳಿ ಮುಟ್ಟುವಾಗ ಅವಳ ಕೈ ತಣ್ಣಗಾಗಿತ್ತು.

“ಗುಳಿಗಿ ಬಿಟ್ಟಿದ್ರೇನು?” ಡಾಕ್ಟರು ಕೇಳಿದರು.

“ಇಲ್ರಿ. ಸಣ್ಣಾಕಿ ದಿನಾ ತಾನ ಕೊಟ್ಟಾಳ,” ಎಂದಳು ಅವ್ವ.

ಡಾಕ್ಟರು ಬೇರೆ ಏನಿರಬಹುದೆಂದು ಯೋಚಿಸತೊಡಗಿದರು. ಹೇಳಿದರೆ ಆಣೆ ಅಕ್ಕನನ್ನು ಕೊಲ್ಲುತ್ತದೆ, ಹೇಳದಿದ್ದರೆ ರೋಗ. ಅಷ್ಟು ಹೆದರಿದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ. ಕಣ್ಣು ಮುಚ್ಚಿ ಹೇಳಿಬಿಟ್ಟೆ.

ಅವ್ವನ ಏಟು ಬಿದ್ದದ್ದೂ ತಿಳಿಯಲಿಲ್ಲ. ನರ್ಸು ಸೂಜಿ ಚುಚ್ಚಿದಳು, ಸಲೈನ್ ಏರಿಸಿದಳು. ನಾನು ಅಕ್ಕನ ಎದೆ ಏರಿಳಿಯುವುದನ್ನೇ ನೋಡುತ್ತ ನಿಂತೆ. ಒಂದು ಉಸಿರು ತಡವಾದರೂ ನನ್ನ ಉಸಿರು ನಿಲ್ಲುತ್ತಿತ್ತು.

ಮರುದಿನ ಮಧ್ಯಾಹ್ನ ಅವಳು ಕಣ್ಣು ಬಿಟ್ಟಳು.

“ಹೇಳಿದೇನ?”

ಅಳುತ್ತಲೇ ಹೌದೆಂದು ತಲೆಯಾಡಿಸಿದೆ.

“ಹಂಗಾರ ನಾ ಬದುಕಾಕಽ ಬೇಕು. ಇಲ್ಲಂದ್ರ ನೀ ಜನ್ಮಪೂರ್ತಿ ಅಳ್ತಿ,” ಎಂದು, ಗುಳಿಗೆಗಾಗಿ ಬಾಯಿ ತೆರೆದಳು.